ಗುವಾಹಟಿಯಿಂದ ದೀಪದ ಹೊತ್ತಿಗೆ

ಬಿತ್ತನೆಯ ಶೇಂಗಾ ಸುಲಿಯುತ್ತಿದ್ದೆ. ಎಣ್ಣೆಗೆ ಹೋಗುವ ಕಾಯಾದರೆ ಮಿಷನ್ನಿಗೆ ಹಾಕಿ ಸುಲಿಸಬಹುದು. ಬಿತ್ತನೆಯ ಬೀಜ ಹಾಗಲ್ಲ, ಒಡೆಯಬಾರದು, ಮೇಲಿನ ಕೆಂಪು ಸಿಪ್ಪೆ ಜಾರಬಾರದು. ಅದಕ್ಕೆ ಕೈಯೇ ಆಗಬೇಕು. ಹೆಬ್ಬೆರಳು ಉರಿಯುತ್ತಿತ್ತು, ಮೊರ ಅರ್ಧ ತುಂಬಿತ್ತು. ಎದುರಿಗೆ ಕೂತ ನಮ್ಮಣ್ಣ ಜೋಗಪ್ಪ ಒಂದು ಕಾಯಿ ಮೊರಕ್ಕೆ ಸುಲಿದರೆ ಎರಡು ಕಾಯಿ ಬಾಯಿಗೆ ಸುಲಿದುಕೊಳ್ಳುತ್ತಿದ್ದ.

"ಅಣ್ಣ, ಹಿಂಗೆ ಆದ್ರೆ ಈ ವರ್ಷದ ಬೆಳೆ ನಿನ್ನ ಹೊಟ್ಟೆಯಾಗೇ ಬರ್ತೈತೆ ನೋಡು" ಎಂದೆ.

"ಬರ್ಲಿ ಬಿಡು ಸೂರವ್ವ. ಹೊಲಕ್ಕಿಂತ ಅದೇ ತೇವ ಐತೆ" ಎಂದ. ಆಮೇಲೆ ಪಡಸಾಲೆಯ ಕಡೆ ತಿರುಗಿ ಮೊಮ್ಮಗಳನ್ನು ಕೂಗಿದ. "ನಿಮ್ಮೀ, ಆ ಊರು ಎಷ್ಟು ದೂರ ಐತೆ ಅಂತ ಇನ್ನೊಂದು ಸಲ ನೋಡು."

ನಿರ್ಮಲಾ ಫೋನು ಹಿಡಿದು ಬಂದಳು. "ತಾತ, ನಿನ್ನೆಯಿಂದ ಅದು ಜಾಗ ಬಿಟ್ಟು ಕದಲಿಲ್ಲ. ಬೆಂಗಳೂರು ಏರ್‌ಪೋರ್ಟಿಂದ ಗುವಾಹಟಿ ಏರ್‌ಪೋರ್ಟಿಗೆ ಎರಡು ಸಾವಿರ ಕಿಲೋಮೀಟ್ರು, ಮೇಲೆ ಚೂರು. ಮೂರು ತಾಸು."

"ರೈಲಲ್ಲಿ?"

"ಮೂರು ಸಾವಿರದ ಹತ್ರತ್ರ. ಎರಡು ದಿನ ದಾಟ್ತದೆ."

"ಕೇಳಿದ್ಯಾ ಸೂರವ್ವ?" ಅಣ್ಣ ಮೊರದ ಅಂಚಿಗೆ ಬೆರಳಿನಿಂದ ಕುಟ್ಟಿದ. "ಊರು ಒಂದೇ. ಒಂದು ಸಲ ಎರಡು ಸಾವಿರ ಅಂತೈತೆ, ಒಂದು ಸಲ ಮೂರು ಅಂತೈತೆ. ಒಂದು ಸಲ ಮೂರು ತಾಸು ಅಂತೈತೆ, ಇನ್ನೊಂದು ಸಲ ಎರಡು ದಿನ. ಇಂಥ ಸುಳ್ಳು ಮಾತು ಕೇಳಿ ಹೆಣ್ಣು ಕೊಡಾಕಾಗ್ತದಾ?"

"ತಾತ, ರೈಲು ಸುತ್ತಿಕೊಂಡು ಹೋಗ್ತದೆ. ವಿಮಾನ ನೆಟ್ಟಗೆ ಹೋಗ್ತದೆ."

"ನೆಟ್ಟಗೆ ಹೋಗಾಕೆ ಮೋಡದ ಮೇಲೆ ಯಾರು ನೇಗಿಲು ಹೊಡ್ದವ್ರೆ?"

ನಿರ್ಮಲಾ ನನ್ನ ಮುಖ ನೋಡಿದಳು. ನಾನು ಕಾಯಿ ಸುಲಿದೆ. ಅಣ್ಣನ ಜೊತೆ ವಾದಕ್ಕೆ ಇಳಿಯುವುದಕ್ಕಿಂತ ಅವನು ಹೇಳಿ ಹೇಳಿ ಸುಸ್ತಾಗುವವರೆಗೆ ಕಾಯುವುದು ಲೇಸು ಎಂದು ನನಗೆ ಚಿಕ್ಕಂದಿನಿಂದ ಗೊತ್ತು.

ಅಣ್ಣನ ಕಷ್ಟ ಇಷ್ಟು. ನಮ್ಮ ಮನೆತನದಲ್ಲಿ ಹೆಣ್ಣು ಕೊಡುವ ದೂರಕ್ಕೆ ಒಂದು ಅಳತೆ ಇದೆ. ಗಂಡನ ಮನೆಯಲ್ಲಿ ಸೂರ್ಯ ಹುಟ್ಟಿದ ಮೇಲೆ ಉಂಡು ಹೊರಟ ಮಗಳು, ತವರಿನಲ್ಲಿ ದೀಪ ಹಚ್ಚುವುದರೊಳಗೆ ಬಂದು ಹೊಸಲು ತುಳಿಯಬೇಕು. ಅದಕ್ಕಿಂತ ಆಚೆಯ ಸಂಬಂಧ ಚಿನ್ನದ್ದಾದರೂ ಬೇಡ. ನಮ್ಮಜ್ಜಿಯ ಕಾಲಕ್ಕೆ ಕಾಲ್ನಡಿಗೆ, ಹಾಗಾಗಿ ಮೊಳಕಾಲ್ಮೂರಿನ ಸುತ್ತಲ ಹಳ್ಳಿಗಳೇ ಲೋಕ. ನನ್ನ ಕಾಲಕ್ಕೆ ಬಸ್ಸು ಬಂದಿತ್ತು, ನಾನು ಚಳ್ಳಕೆರೆ ಸೇರಿದೆ. ಈಗಲೂ ಬಿತ್ತನೆಯ ಕಾಲಕ್ಕೆ ತವರಿಗೆ ಬಂದು ಬೀಜ ಸುಲಿದುಕೊಟ್ಟು ಹೋಗುತ್ತೇನೆ. ಅಣ್ಣ ತನ್ನ ಮಗಳನ್ನು ದಾವಣಗೆರೆಗೆ ಕೊಡುವಾಗ ಊರವರು ಆಡಿಕೊಂಡರು. ಆಗ ಇವನೇ ಕಟ್ಟೆಯ ಮೇಲೆ ನಿಂತು, "ನಮ್ಮ ಅಳತೆ ಹೊತ್ತಿಂದು ಕಣ್ರಲೇ, ಮೈಲಿದಲ್ಲ" ಎಂದಿದ್ದ. ಆ ಮಾತನ್ನು ನಿರ್ಮಲಾ ಈಗ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹುಡುಗ ಹೊರಗಿನವನಲ್ಲ. ಚಳ್ಳಕೆರೆಯ ಯತ್ತಪ್ಪನವರ ಮಗ ಅಮರೇಶ್. ಗುವಾಹಟಿಯ ಹತ್ತಿರ ಸರ್ಕಾರದ ರೇಷ್ಮೆ ತೋಟದಲ್ಲಿ ಕೆಲಸ. ಅಲ್ಲಿ ಬಣ್ಣ ಹಾಕದೆಯೇ ಬಂಗಾರದ ಹಾಗೆ ಹೊಳೆಯುವ ರೇಷ್ಮೆ ಬರುತ್ತದಂತೆ. ಮೊಳಕಾಲ್ಮೂರಿನ ಮಗ್ಗ ನೋಡಲು ಒಮ್ಮೆ ಬಂದ. ಸೀರೆಯ ಅಂಚಿಗೆ ಕಂಪ್ಯೂಟರಿನಲ್ಲಿ ನಮೂನೆ ಬರೆದುಕೊಡುವವಳು ನಮ್ಮ ನಿರ್ಮಲಾ. ಅವನು ಅಂಚು ನೋಡಿದನೋ, ನಮೂನೆ ನೋಡಿದನೋ, ಒಟ್ಟಿನಲ್ಲಿ ಮತ್ತೆ ಮೂರು ಸಲ ನೋಡಲು ಬಂದ. ಹುಡುಗಿಯ ಅಪ್ಪ, ಅಣ್ಣನ ಮಗ ಅಂಜಿನೇಯನಿಗೆ ಒಪ್ಪಿಗೆ, ಅವ್ವ ಗೀತಮ್ಮನಿಗೆ ಬಹಳ ಒಪ್ಪಿಗೆ. ಆದರೆ ನಮ್ಮಲ್ಲಿ ಒಪ್ಪಿಗೆ ಬಾಯಲ್ಲಿ ಹೋಗುವುದಿಲ್ಲ. ನಾಲ್ಕು ಮೂಲೆಗೆ ಅರಿಶಿಣ ಹಚ್ಚಿದ ಕಾಗದಕ್ಕೆ ಮನೆಯ ಹಿರಿಯ ಸಹಿ ಹಾಕಿ ಅಂಚೆಗೆ ಹಾಕಬೇಕು. ಪಕ್ಕದ ಮನೆಗೆ ಹೆಣ್ಣು ಕೊಟ್ಟರೂ ಹಾಗೇ.

ಆ ಕಾಗದವನ್ನು ಯುಗಾದಿಗೆ ಬಂದಾಗಲೇ ನಾನು ಬರೆದಿಟ್ಟಿದ್ದೆ. ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಅಕ್ಷರ ಗುಂಡಗೆ, ಬಿಡಿಬಿಡಿಯಾಗಿ ಇರುತ್ತವೆ, ಕನ್ನಡಕವಿಲ್ಲದೆಯೂ ಓದಬಹುದು ಎಂದು ಮನೆಯ ಕಾಗದವೆಲ್ಲ ನನ್ನ ಪಾಲಿಗೇ. ಅಣ್ಣ ಸಹಿ ಹಾಕಲಿಲ್ಲ. ಇವತ್ತು ಮಂಗಳವಾರ, ಇವತ್ತು ಅಮಾವಾಸ್ಯೆ, ಇವತ್ತು ಪೆನ್ನು ಬರೆಯೊಲ್ಲದು. ಗೋಡೆಯ ಗೂಡಿನಲ್ಲಿ ಅರಿಶಿಣ ಎರಡು ಸಲ ಮಾಸಿತು, ಗೀತಮ್ಮ ಎರಡು ಸಲ ಹಚ್ಚಿದಳು. ಕೊನೆಗೆ ಯತ್ತಪ್ಪನವರು ಹೇಳಿ ಕಳಿಸಿದರು: ಆಷಾಢ ಬರುವುದರೊಳಗೆ ಕಾಗದ ಬಾರದಿದ್ದರೆ ನಾವು ಬೇರೆ ಕಡೆ ನೋಡುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಆಷಾಢಕ್ಕೆ ಎರಡೇ ವಾರ ಇತ್ತು.

"ತಾತ," ನಿರ್ಮಲಾ ಮೊರದ ಪಕ್ಕ ಕೂತಳು, "ಫೋನು ನಂಬಬೇಡ. ನೀನೇ ಹೋಗಿ ನೋಡು. ಹೆಂಗೂ ಹುಡುಗನ ಮನೆ ನೋಡೋ ಶಾಸ್ತ್ರ ಐತಲ್ಲ. ಅಮರೇಶ್ ಟಿಕೆಟ್ ಮಾಡಿಸ್ತೀನಿ ಅಂದವ್ರೆ. ಅಲ್ಲಿಂದ ಹೊತ್ತು ಹುಟ್ಟಿದ ಮೇಲೆ ಉಂಡು ಹೊರಡು. ದೀಪ ಹಚ್ಚೋದ್ರೊಳಗೆ ಮನೆ ಮುಟ್ಟಿದ್ರೆ ಸಹಿ ಹಾಕು. ಮುಟ್ಟದಿದ್ರೆ ನಾನು ಮತ್ತೆ ಬಾಯಿ ಎತ್ತಲ್ಲ."

"ನಾನಾ? ವಿಮಾನದಾಗಾ?" ಅಣ್ಣ ಬಾಯಿಗೆ ಹಾಕಿದ ಬೀಜ ಅಲ್ಲೇ ನಿಂತಿತು. "ಕುದಾಪುರದ ತಾವ ಹಾರೋವನ್ನ ನಾನು ಕಂಡೀನಿ ಕಣವ್ವ. ಒಳಗೆ ನರಪಿಳ್ಳೆ ಇರಾಕಿಲ್ಲ. ತಾನೇ ಏಳ್ತೈತೆ, ಹುಲ್ಲಿನ ಮೇಲೆ ಸುತ್ತು ಹೊಡೀತೈತೆ, ಎದ್ದ ಜಾಗಕ್ಕೇ ಬಂದು ಕೂರ್ತೈತೆ. ಹಂಗೆ ನಮ್ಮನ್ನೂ ಸುತ್ತಿಸಿ ಬೆಂಗಳೂರಲ್ಲೇ ಇಳಿಸಿ ಗುವಾಹಟಿ ಅಂದ್ರೆ?"

"ಅವು ಮಿಲಿಟ್ರಿಯೋರು ಪರೀಕ್ಷೆಗೆ ಹಾರಿಸೋ ಡ್ರೋನು ತಾತ. ಇದಕ್ಕೆ ಪೈಲಟ್ಟು ಇರ್ತಾನೆ."

"ಅವನ ಮಖ ನನಗೆ ತೋರಿಸಬೇಕು." ಆಮೇಲೆ ನನ್ನ ಕಡೆ ಬೆರಳು ತೋರಿಸಿದ. "ಇವಳೂ ಬರ್ಲಿ. ಹುಟ್ಟಿದಾಗಿಂದ ಅವಸರ ಮಾಡಿದವಳಲ್ಲ. ಈ ಸೂರವ್ವ ಹೊತ್ತಿಗೆ ಮುಟ್ಟಿದ್ಲು ಅಂದ್ರೆ ಲೋಕದಾಗೆ ಯಾರು ಬೇಕಾದ್ರೂ ಮುಟ್ತಾರೆ."

ಹೀಗೆ ನನ್ನನ್ನು ಅಳತೆಗೋಲು ಮಾಡಿಕೊಂಡು ಅಣ್ಣ ಹೊರಟ. ಒಂದು ಕರಾರು ಮಾತ್ರ ಹಾಕಿದ: ಪರೀಕ್ಷೆಯ ವಿಷಯ ಹುಡುಗನಿಗೆ ಗೊತ್ತಿದ್ದರೆ ಇರಲಿ, ಅವರಪ್ಪ ಯತ್ತಪ್ಪನಿಗೆ ಮಾತ್ರ ತಿಳಿಯಬಾರದು. ಬೀಗರನ್ನು ಸೇರು ಹಿಡಿದು ಅಳೆಯುತ್ತಿದ್ದಾರೆ ಎಂದು ಅವರು ಮುನಿಸಿಕೊಂಡರೆ ಕೆಟ್ಟ ಹೆಸರು ಅಣ್ಣನಿಗೆ ತಾನೆ.

ಹೋಗುವಾಗಿನ ಪ್ರಯಾಣವನ್ನು ಬಹಳ ಬರೆಯುವುದಿಲ್ಲ. ಚಳ್ಳಕೆರೆಯ ದುರುಗಣ್ಣನ ಕಾರಿನಲ್ಲಿ ಬೆಂಗಳೂರು ಮುಟ್ಟಿದೆವು. ವಿಮಾನ ಹತ್ತುವ ಬಾಗಿಲಲ್ಲಿ ಕೈ ಮುಗಿದ ಹುಡುಗಿಯನ್ನು ಅಣ್ಣ, "ತಾಯಿ, ಹೊಡೆಯೋನು ಒಳಗವ್ನಾ?" ಎಂದು ಕೇಳಿದ. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ನಕ್ಕಳು. ನಗು ನೋಡಿ ಇವನಿಗೆ ಇನ್ನೂ ಅನುಮಾನ. ನೆಲ ಬಿಡುವಾಗ "ಓರಿ ದೇವುಡಾ" ಎಂದು ತೆಲುಗಿನಲ್ಲಿ ಕೂಗಿ ನನ್ನ ಮಣಿಕಟ್ಟು ಹಿಡಿದವನು ಮೋಡದ ಮೇಲೆ ಬಂದಮೇಲೆ ಬಿಟ್ಟ. ಆಮೇಲೆ ಕಿಟಕಿಗೆ ಹಣೆ ಒತ್ತಿ, "ಗೆರೆ ಏನೂ ಕಾಣಾಕಿಲ್ಲ. ಅದೆಂಗೆ ನೆಟ್ಟಗೆ ಹೋಗ್ತಾನೋ" ಎಂದ.

ಅಮರೇಶನ ಮನೆ ಚಿಕ್ಕದು, ಚೊಕ್ಕ. ಹಿತ್ತಲಿಗೆ ಹತ್ತಿದಂತೆಯೇ ಹುಳು ಮೇಯುವ ಮರಗಳ ತೋಟ. ನಮ್ಮ ಕಡೆಯ ಹಾಗೆ ತಟ್ಟೆಯಲ್ಲಿ ಸೊಪ್ಪು ಹಾಕಿ ಸಾಕುವುದಿಲ್ಲ, ಹುಳುವನ್ನು ಮರದ ಮೇಲೇ ಬಿಡುತ್ತಾರೆ. ಅಣ್ಣ ಮರದ ಕೆಳಗೆ ನಿಂತು ಮೇಲೆ ನೋಡಿ, "ಇವ್ರು ದನ ಕಾಯೋ ಹಂಗೆ ಹುಳ ಕಾಯ್ತಾವ್ರಲ್ಲ" ಎಂದು ಬೆರಗಾದ. ಹುಡುಗನ ಮೇಲೆ ಅವನಿಗೆ ತಕರಾರು ಇರಲಿಲ್ಲ. ಅದೇ ಅವನಿಗೆ ತೊಂದರೆ. ತಕರಾರು ಇದ್ದಿದ್ದರೆ ಸಲೀಸಾಗುತ್ತಿತ್ತು.

ಸಂಜೆ ಆರರ ಸುಮಾರಿಗೆ ಅಲ್ಲಿ ಮಬ್ಬು ಕವಿದು ಮನೆಮನೆಯಲ್ಲೂ ದೀಪ ಹತ್ತಿತು. ಅಣ್ಣ ಎದ್ದು ನಿಂತ.

"ಸಿಕ್ಕಿಬಿದ್ದ್ರಿ! ನಮ್ಮೂರಲ್ಲಿ ಇನ್ನಾ ದನ ಮನೆಗೆ ಬಂದಿರಾಕಿಲ್ಲ, ಇಲ್ಲಿ ಆಗಲೇ ದೀಪ. ಇಷ್ಟು ಗಿಡ್ಡ ಹಗಲಿನಾಗೆ ಹುಡುಗಿ ಹೆಂಗೆ ಮುಟ್ತಾಳೆ?"

"ತಾತ, ದೀಪ ತವರಿಂದು ಅಲ್ವೇನ್ರಿ?" ಅಮರೇಶ್ ಮೆಲ್ಲಗೆ ಕೇಳಿದ. "ಹೊರಡೋ ಹೊತ್ತು ಇಲ್ಲಿಂದು, ದೀಪ ಅಲ್ಲಿಂದು. ಇಲ್ಲಿ ಸೂರ್ಯ ಬೇಗ ಹುಟ್ತಾನೆ, ಅಲ್ಲಿ ತಡವಾಗಿ ಮುಳುಗ್ತಾನೆ. ಹೊರಟವರಿಗೆ ಹಗಲು ಉದ್ದ ಆಗ್ತದೆ."

ಅಣ್ಣ ಯೋಚಿಸಿದ. "ಅಂದ್ರೆ ಇದು ಸೂರ್ಯನ ಕೂಡ ಸೇರ್ಕೊಂಡು ಮಾಡಿದ ಮೋಸ."

ಬೆಳಗ್ಗೆ ಅದು ಎಂಥ ಮೋಸ ಎಂದು ತಿಳಿಯಿತು. ಕಣ್ಣಿಗೆ ಬಿಸಿಲು ಚುಚ್ಚಿ ಎದ್ದು ನೋಡಿದರೆ ಗಡಿಯಾರದಲ್ಲಿ ಐದೂ ಆಗಿಲ್ಲ. ಅಣ್ಣ ತನ್ನ ಗಡಿಯಾರ ಕೆಟ್ಟಿತೆಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅಡುಗೆಮನೆಯಲ್ಲಿ ಅಮರೇಶ್ ಮುದ್ದೆ ತಿರುವುತ್ತಿದ್ದ. ಮುದ್ದೆಯ ಒಳಗೆ ಹಿಟ್ಟಿನ ಗಂಟಿತ್ತು. ಅಣ್ಣ ಗಂಟನ್ನು ಬದಿಗೆ ಸರಿಸದೆ ನುಂಗಿದ್ದನ್ನು ನಾನು ನೋಡಿದೆ, ನೋಡದ ಹಾಗೆ ಇದ್ದೆ.

ಉಂಡು ಹೊರಟೆವು. ವಿಮಾನ ಹೇಳಿದ ಹೊತ್ತಿಗೆ ಎದ್ದಿತು, ಹೇಳಿದ ಹೊತ್ತಿಗೆ ಇಳಿಯಿತು. ಬೆಂಗಳೂರಿನಲ್ಲಿ ದುರುಗಣ್ಣನ ಕಾರು ಹತ್ತಿದಾಗ ಮಧ್ಯಾಹ್ನದ ಊಟದ ಹೊತ್ತು. ಎರಡು ಸಾವಿರ ಕಿಲೋಮೀಟರ್ ಹಿಂದೆ ಬಿದ್ದಿತ್ತು, ಇನ್ನೂರೈವತ್ತರಷ್ಟು ಉಳಿದಿತ್ತು, ಹಗಲು ಇನ್ನೂ ಅರ್ಧದಷ್ಟಿತ್ತು. ಗೆದ್ದೆವು ಎಂದುಕೊಂಡೆ.

ದಾಬಸ್‌ಪೇಟೆ ದಾಟಿದ ಮೇಲೆ ಅಣ್ಣನಿಗೆ ಬಾಯಾರಿಕೆ. ಶಿರಾದಲ್ಲಿ ಹಸಿವೆ. ಹೋಟೆಲಿನಲ್ಲಿ ಅನ್ನ ಆರಿದೆ ಎಂದು ವಾಪಸು ಕಳಿಸಿ ಬಿಸಿ ಅನ್ನಕ್ಕೆ ಕಾದ. ಹಿರಿಯೂರಿನಲ್ಲಿ ಕಾಲು ಜೋಮು ಹಿಡಿಯಿತೆಂದು ಇಳಿದು ರಸ್ತೆಯ ಪಕ್ಕ ಹಿಂದಕ್ಕೂ ಮುಂದಕ್ಕೂ ಓಡಾಡಿದ.

"ಯಜಮಾನ್ರೇ," ದುರುಗಣ್ಣ ಕಿಟಕಿಯಿಂದ ತಲೆ ಹಾಕಿದ, "ಹಿಂಗೇ ನಡ್ಕೊಂಡ್ ಹೋದ್ರೆ ಸಂಜೆಗೆ ನೀವೂ ಚಳ್ಳಕೆರೆ ಮುಟ್ತೀರಿ. ನಾನು ಕಾರ್ ತಗಂಡ್ ಮುಂದೆ ಹೋಗ್ಲಾ?"

ನನಗೆ ಅರ್ಥವಾಯಿತು. ನಿಲ್ಲಿಸುತ್ತಿರುವುದು ಬಾಯಾರಿಕೆಯಲ್ಲ. ನಿರ್ಮಲಾ ಹುಟ್ಟಿದಾಗಿನಿಂದ ಅಣ್ಣ ಅವಳನ್ನು ಮಾತಾಡಿಸದೆ ಮುದ್ದೆ ಮುಟ್ಟಿದವನಲ್ಲ. ಹೊತ್ತು ಮೀರಲಿ ಎಂದು ಅವನಿಗೆ ಆಸೆ, ಆದರೆ ಮೋಸ ಮಾಡಿ ಅವಳನ್ನು ಸೋಲಿಸಿದ ಎನ್ನಿಸಿಕೊಳ್ಳಲು ಮನಸ್ಸಿಲ್ಲ. ಹಾಗಾಗಿ ಹೊಟ್ಟೆ, ಕಾಲು, ಗಂಟಲು ಇವುಗಳ ಮೇಲೆ ತಪ್ಪು ಹಾಕುತ್ತಿದ್ದ.

"ಅಣ್ಣ, ಕಾರು ಹತ್ತು" ಎಂದೆ.

"ನೀನೇನೇ ಸೂರವ್ವ, ಅವಸರ ಮಾಡ್ತೀಯಾ?"

"ಹೂಂ. ಮಾಡ್ತೀನಿ. ಹತ್ತು."

ನನ್ನ ಬಾಯಲ್ಲಿ ಆ ಮಾತು ಬಂದದ್ದು ನೋಡಿ ಅಣ್ಣ ಬೆಚ್ಚಿ ಹತ್ತಿಕೊಂಡ. ಚಳ್ಳಕೆರೆ ಬಂದಾಗ ಬಿಸಿಲು ಇನ್ನೂ ಚೆನ್ನಾಗಿತ್ತು. ಅಲ್ಲಿಂದ ಒಂದು ತಾಸಿನ ದಾರಿ. ಸರಾಗವಾಗಿ ಮುಟ್ಟುತ್ತಿದ್ದೆವು. ಆದರೆ ಎಣ್ಣೆ ಗಿರಣಿಗಳ ಬೀದಿಯ ತಿರುವಿನಲ್ಲಿ ಯತ್ತಪ್ಪನವರೇ ನಿಂತಿದ್ದರು. ಮಗ ಫೋನು ಮಾಡಿ, ಇಂಥ ಹೊತ್ತಿಗೆ ಹಿರಿಯರು ಆ ದಾರಿಯಲ್ಲಿ ಬರುತ್ತಾರೆ ಎಂದಿದ್ದನಂತೆ. ಒಳ್ಳೆಯತನದಲ್ಲಿ ಹೇಳಿದ್ದ ಪಾಪ.

"ಇದೇನ್ರಿ ಇದು, ನಮ್ಮ ಬಾಗಿಲ ಮುಂದೆ ಹಾದು ಹೋಗಿ ಒಳಗೆ ಬರದೆ ಇದ್ರೆ ನಮಗೆ ಮರ್ಯಾದೆನಾ?" ಎಂದು ಕಾರಿನ ಬಾಗಿಲು ತೆಗೆದೇಬಿಟ್ಟರು.

ಒಳಗೆ ಚಾಪೆ ಹಾಸಿತ್ತು. ನೀರು, ಮಜ್ಜಿಗೆ, ಆಮೇಲೆ ಒಗ್ಗರಣೆ ಮಂಡಕ್ಕಿ. ಯತ್ತಪ್ಪನವರ ಹೆಂಡತಿ ಪಾತಮ್ಮ ಮೆಣಸಿನಕಾಯಿ ಬಜ್ಜಿಗೆ ಎಣ್ಣೆ ಇಟ್ಟಿದ್ದು ಕೇಳಿಸಿತು. ನಾನು ಕಿಟಕಿಯ ಬಿಸಿಲು ನೋಡುತ್ತಿದ್ದೆ. ಅದು ಗೋಡೆ ಹತ್ತುತ್ತಿತ್ತು.

"ಪಾತಮ್ಮ, ಬ್ಯಾಡವ್ವ, ಹೊಟ್ಟೆ ತುಂಬೈತೆ."

"ಅಕ್ಕಾ, ವಿಮಾನದಾಗೆ ಏನು ಕೊಟ್ಟಾರು? ಕೂತ್ಕಳ್ರಿ, ಎರಡೇ ನಿಮಿಷ."

ಎರಡು ನಿಮಿಷ ಎಂದವರು ಒಂದು ಬುಟ್ಟಿ ಮೆಣಸಿನಕಾಯಿ ಸೀಳಿಟ್ಟುಕೊಂಡಿದ್ದರು. ಬಾಯಿಬಿಟ್ಟು ಹೇಳುವಂತಿಲ್ಲ. ಅಣ್ಣನ ಕರಾರು. ಬಾಣಲೆಯಿಂದ ಎತ್ತಿದ ಬಜ್ಜಿಯನ್ನು ಹಾಗೇ ಬಾಯಿಗೆ ಹಾಕಿಕೊಂಡೆ, ಬೇಗ ಮುಗಿಯಲಿ ಎಂದು. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಪಾತಮ್ಮ, "ಅಯ್ಯೋ, ಎಷ್ಟು ಹಸಿದಿದ್ರೋ ಏನೋ" ಎಂದು ಇನ್ನೆರಡು ಹಾಕಿದರು.

ಅಣ್ಣ ಮಾತ್ರ ಮದುವಣಿಗನ ಹಾಗೆ ಗೋಡೆಗೆ ಒರಗಿ ಒಂದೊಂದೇ ಮಂಡಕ್ಕಿ ಕಾಳು ಹೆಕ್ಕುತ್ತಿದ್ದ. ಯತ್ತಪ್ಪನವರು ಕೆಮ್ಮಿ, ಕಾಗದದ ಮಾತು ಎತ್ತಿದರು. "ನಾವೇನು ಅವಸರ ಮಾಡ್ತಿಲ್ಲ ಜೋಗಪ್ಪಣ್ಣ. ಇನ್ನು ಮೂರು ದಿನಕ್ಕೆ ಹಿರಿಯೂರಿನೋರು ಹೆಣ್ಣಿನ ಮಾತಿಗೆ ಬರ್ತೀವಿ ಅಂದವ್ರೆ. ಅವರಿಗೆ ಏನಾದ್ರೂ ಒಂದು ಹೇಳಬೇಕಲ್ಲ."

"ಮನೆ ಮುಟ್ಟಿ ಹೇಳ್ತೀನಿ" ಎಂದ ಅಣ್ಣ. ಅದು ಎಷ್ಟು ನಿಜ ಎಂದು ನನಗೊಬ್ಬಳಿಗೇ ಗೊತ್ತು.

ಎಲೆ ಅಡಿಕೆ, ಕುಂಕುಮ, ಮಡಿಲಿಗೆ ತೆಂಗಿನಕಾಯಿ ಎಲ್ಲ ಆಗಿ ಕಾರು ಹತ್ತಿದಾಗ ಬೀದಿಯ ಒಂದು ಬದಿಗೂ ಬಿಸಿಲಿರಲಿಲ್ಲ. ದುರುಗಣ್ಣ ಗಾಡಿ ಓಡಿಸಿದ. ಹಾನಗಲ್ ಬರುವ ಮೊದಲೇ ಕತ್ತಲಾಯಿತು. ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಕರೀ ಕಂಬಳಿ ಹೊದ್ದ ಹಾಗಿತ್ತು. ದಾರಿಯ ಹಳ್ಳಿಗಳಲ್ಲೆಲ್ಲ ದೀಪ. ಅಣ್ಣ ಒಂದೊಂದು ಊರು ಬಂದಾಗಲೂ ದೀಪ ನೋಡುತ್ತಿದ್ದ. ಗೆದ್ದವನ ಮುಖ ಅಲ್ಲ ಅದು.

"ಸೂರವ್ವ," ಕೊನೆಗೆ ಎಂದ, "ಆ ಹುಡುಗಂಗೆ ಮುದ್ದೆ ತಿರುವಾಕೆ ಬರಾಕಿಲ್ಲ."

"ಹೂಂ."

"ಕಲಿಸಿದ್ರೆ ಬಂದೀತು."

"ಬಂದೀತು."

"ಆದ್ರೆ ಏನ್ಮಾಡಾದು. ಹೊತ್ತು ಮೀರಿಹೋತಲ್ಲ." ಮೊಮ್ಮಗಳ ಮುಂದೆ ಹೋಗಿ ಇದನ್ನು ಹೇಳುವುದು ಹೇಗೆ ಎಂಬುದು ಈಗ ಅವನ ತಲೆಗೆ ಬಂದಿತ್ತು.

ನಮ್ಮ ಬೀದಿಗೆ ತಿರುಗಿದೆವು. ಎಲ್ಲ ಮನೆಯಲ್ಲೂ ಬೆಳಕು, ನಮ್ಮ ಮನೆ ಮಾತ್ರ ಕತ್ತಲು. ದೇವರ ಗೂಡಿನ ದೀಪವಿಲ್ಲ, ಬಾಗಿಲ ಬಲ್ಬಿಲ್ಲ, ಅಡುಗೆಮನೆಯಲ್ಲೂ ಬೆಳಕಿಲ್ಲ. ಬಾಗಿಲ ಮುಂದೆ ನಾಲ್ಕಾರು ಜನ ನಿಂತಿದ್ದರು. ಅಣ್ಣ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು, "ಗೀತಾ! ನಿಮ್ಮೀ! ಏನಾತು?" ಎಂದು ಕೂಗುತ್ತ ಓಡಿದ. ಜೋಮು ಹಿಡಿದ ಕಾಲು ಇದೇನಾ ಎಂದು ದುರುಗಣ್ಣ ನೋಡುತ್ತ ನಿಂತ. ಅಣ್ಣ ಹೊಸಲು ಎಡವಿ, ಒಳಗೆ ಬಿದ್ದಂತೆಯೇ ಹೋದ.

"ಮಾವ ಬಂದ್ರು!" ಗೀತಮ್ಮನ ಕೂಗು. "ನಿಮ್ಮೀ, ಹಚ್ಚು!"

ಕಡ್ಡಿ ಗೀರಿದ ಸದ್ದು. ದೀಪ ಹತ್ತಿತು. ಬೆಳಕಿನಲ್ಲಿ ನಿರ್ಮಲಾ, ಕೈಯಲ್ಲಿ ಕಡ್ಡಿಪೆಟ್ಟಿಗೆ, ಕೆನ್ನೆಯ ಮೇಲೆಲ್ಲ ಸೊಳ್ಳೆ ಕಚ್ಚಿದ ಗುರುತು. ಮೂಲೆಯಲ್ಲಿ ಅಂಜಿನೇಯ ಟವೆಲ್ಲಿನಿಂದ ಸೊಳ್ಳೆ ಹೊಡೆಯುತ್ತ ಕೂತಿದ್ದ.

"ಇದೇನ್ರೇ ಇದು!" ಅಣ್ಣ ಗೋಡೆ ಹಿಡಿದು ನಿಂತ. "ನನ್ನ ಜೀವ ಹೋಗಿತ್ತು. ಯಾಕೆ ದೀಪ ಹಚ್ಚಿಲ್ಲ?"

"ನೀವು ಬಂದಿರ್ಲಿಲ್ಲವಲ್ಲ ತಾತ" ಎಂದಳು ನಿರ್ಮಲಾ. "ದೀಪ ಹಚ್ಚೋದ್ರೊಳಗೆ ಹೊಸಲು ತುಳೀಬೇಕು ಅಂತಲ್ವಾ ನಿಯಮ? ತುಳಿದ್ರಿ. ಆಮೇಲೆ ಹಚ್ಚಿದೆ. ಇಷ್ಟು ಜನ ಸಾಕ್ಷಿ ಅವ್ರೆ."

ಬಾಗಿಲಲ್ಲಿದ್ದ ನೆರೆಯ ಚಿಕ್ಕಕ್ಕ, "ಹೌದು ಜೋಗಣ್ಣ, ನಾವು ನೋಡೀವಿ" ಎಂದಳು. "ಮೊಂಬತ್ತಿ ಕೊಡಾಕೆ ಬಂದ ನನ್ನ ಹೊರಗೇ ನಿಲ್ಸಿ, ಒಂದು ಕಡ್ಡಿನೂ ಗೀರಬ್ಯಾಡ ಅಂದ್ಲು ನಿನ್ನ ಮೊಮ್ಮಗಳು."

"ಇದು ಕಳ್ಳಾಟ!" ಅಣ್ಣ ಸುತ್ತ ನೋಡಿದ. "ಹೊತ್ತು ಮುಳುಗಿ ಎಷ್ಟಾತು! ಸೂರವ್ವ, ನೀನೇ ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಸುಟ್ಟ ನಾಲಿಗೆಯಲ್ಲಿ ಹೇಳಿದೆ: "ನಮ್ಮಜ್ಜಿ ಹೊತ್ತು ಮುಳುಗೋದ್ರೊಳಗೆ ಅನ್ಲಿಲ್ಲ ಅಣ್ಣ. ದೀಪ ಹಚ್ಚೋದ್ರೊಳಗೆ ಅಂದ್ಲು. ಹಚ್ಚೋರು ತವರಿನೋರು. ಅವಳ ಕಾಲಕ್ಕೂ ಎಷ್ಟೋ ಸಲ ಹೀಂಗೇ ಕತ್ಲಾಗೆ ಕೂತಿರ್ತಿದ್ರೋ ಏನೋ, ಯಾರು ಕಂಡೋರು?"

ಅಣ್ಣ ನಿರ್ಮಲಾಳ ಕೆನ್ನೆ ಹಿಡಿದು ದೀಪಕ್ಕೆ ತಿರುಗಿಸಿ ಸೊಳ್ಳೆ ಗುರುತು ನೋಡಿದ. "ಎಷ್ಟು ಹೊತ್ತಿಂದ ಕೂತಿದ್ದೆ ಹಿಂಗೆ?"

"ಗೊತ್ತಿಲ್ಲ ತಾತ. ಕತ್ಲಾಗೆ ಗಡಿಯಾರ ಕಾಣಾಕಿಲ್ಲ."

ಅಣ್ಣನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡು, "ನೀನು ಬರ್ತೀಯಲ್ಲ, ಆಗ ನಾನು ಹಿಂಗೇ ಕೂತಿರ್ತೀನಿ. ಸೊಳ್ಳೆಪರದೆ ಮಾತ್ರ ತಂದಿಟ್ಟು ಹೋಗವ್ವ" ಎಂದ. ಪೆನ್ನು ಕೇಳಿದ. ಆ ಪೆನ್ನು ಬರೆಯಿತು.

ಮಾರನೆಯ ಬೆಳಗ್ಗೆ ಅಂಚೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ನಾವು ಮೂವರು ಮೆಟ್ಟಿಲ ಮೇಲಿದ್ದೆವು. ಅಣ್ಣ ಕಿಟಕಿಯಲ್ಲಿ ಕೇಳಿದ, "ಇದು ಚಳ್ಳಕೆರೆ ಮುಟ್ಟಾಕೆ ಎಷ್ಟೊತ್ತು ಬೇಕ್ರಿ?"

"ನಾಳೆ ಹೋಗ್ತದೆ ತಾತ. ಇಲ್ಲಾಂದ್ರೆ ನಾಡಿದ್ದು" ಎಂದಳು ಒಳಗಿನ ಹುಡುಗಿ.

"ಅಷ್ಟು ಹೊತ್ತಿಗೆ ಗುವಾಹಟಿಗೆ ಹೋಗಿ ಬಂದು, ಮತ್ತೆ ಹೋಗಬಹುದಲ್ಲವ್ವ!"

"ತಾತ, ನಾಡಿದ್ದು ಹಿರಿಯೂರಿನೋರು ಬರ್ತಾರಂತೆ" ಎಂದಳು ನಿರ್ಮಲಾ, ಹಿಂದಿನಿಂದ.

ಅಣ್ಣ ಕೆಂಪು ಡಬ್ಬಿಯ ಬಾಯಿಗೆ ಕಾಗದವನ್ನು ಅರ್ಧ ತೂರಿಸಿ ಹಿಡಿದು ನಿಂತ. ಒಂದು ಬಸ್ಸು ಹೋಯಿತು. ಇನ್ನೊಂದು ಹೋಯಿತು. ನಾನು ಕಾದೆ. ನಿರ್ಮಲಾ ಉಗುರು ಕಚ್ಚಿದಳು. ಆಮೇಲೆ ಅವನು ಬೆರಳು ಒಂದೊಂದಾಗಿ ಬಿಚ್ಚಿದ. ಕಾಗದ ಒಳಗೆ ಬಿತ್ತು.